ಇಲಾಮಿನ ಎಲೆ, ಸೂಳಗಿರಿಯ ನೀರು

ಬೆಂಗಳೂರಿನಿಂದ ಹೊಸೂರು ದಾಟಿ ಕೃಷ್ಣಗಿರಿ ಕಡೆಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೂಳಗಿರಿ ಬಂತೆಂದರೆ ಲಾರಿಗಳು ಒಂದು ಬದಿಗೆ ಒತ್ತಿ ನಿಲ್ಲುತ್ತವೆ. ಚಾಲಕರು ಇಳಿಯುವುದು ಟೀಗಾಗಿ. ಬಾಯ್ಲರಿನ ಪಕ್ಕದಲ್ಲಿ ಸದಾ ಬಿಸಿಯಾಗಿರುವ ಹಾಲು, ಬಟ್ಟೆಯ ಸೋಸುಚೀಲದಲ್ಲಿ ಇಳಿಯುತ್ತಿರುವ ಗಟ್ಟಿ ಡಿಕಾಕ್ಷನ್, ಮಾಸ್ಟರ್ ಕೈ ಎತ್ತಿ ಸುರಿದಾಗ ಗಾಜಿನ ಲೋಟದ ತುದಿಗೆ ಏರುವ ನೊರೆ. ರಾತ್ರಿಯೆಲ್ಲ ಗಾಡಿ ಓಡಿಸಿದವನ ಕಣ್ಣು ತೆರೆಸಬಲ್ಲ ಟೀ ಅದು. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ ಎಂದೇ ನನ್ನ ಅಭಿಪ್ರಾಯ.

ಇಲ್ಲಿ ಬರೆಯುತ್ತಿರುವುದು ಬೇರೊಂದು ಟೀಯ ಬಗ್ಗೆ. ಪೂರ್ವ ನೇಪಾಳದ ಇಲಾಮ್ ಜಿಲ್ಲೆಯ ಬೆಟ್ಟಗಳಲ್ಲಿ ಬೆಳೆದು, ಪುಡಿಯಾಗದೆ, ಉದ್ದುದ್ದ ಎಲೆಯಾಗಿಯೇ ಒಣಗಿ ಬರುವ ಕಪ್ಪು ಟೀ. ಹಾಲು ಬೇಡ, ಕುದಿಸುವುದು ಬೇಡ, ಸಕ್ಕರೆ ಇಲ್ಲದಿದ್ದರೆ ಇನ್ನೂ ಚೆನ್ನ. ಸೂಳಗಿರಿಯಂಥ ಊರಿನ ಅಡುಗೆಮನೆಯಲ್ಲಿ ಇದನ್ನು ಅದರ ಪೂರ್ತಿ ಘಮದೊಡನೆ ಕುಡಿಯಬಹುದು. ಅದಕ್ಕೆ ದುಬಾರಿ ಪಾತ್ರೆಗಳು ಬೇಕಿಲ್ಲ. ನಮ್ಮ ನೀರಿನ ಗುಣ ತಿಳಿದಿರಬೇಕು, ಆ ಎಲೆ ಎಲ್ಲಿಂದ ಬಂತು ಎಂಬುದು ತಿಳಿದಿರಬೇಕು. ಎರಡನೆಯದು ನನಗೆ ಮೊದಲನೆಯದಕ್ಕಿಂತ ಮುಖ್ಯ ಎನಿಸಿದೆ. ಯಾಕೆಂದರೆ ಬೆಳೆದವರ ಊರಿನ ಹೆಸರು ಕಳೆದುಕೊಂಡು ಮಾರಾಟವಾಗುವ ಸರಕಿನ ಕಥೆ ಸೂಳಗಿರಿಗೆ ಹೊಸದಲ್ಲ.

ನಮ್ಮಲ್ಲಿಗೆ ಈ ಟೀ ಬರುವ ದಾರಿಯೇ ಒಂದು ವಿಶೇಷ. ಹೊಸೂರಿನ ಕಾರ್ಖಾನೆಗಳ ಕಾವಲು, ಹೆದ್ದಾರಿ ಹೋಟೆಲುಗಳ ಒಲೆ, ಗುಲಾಬಿಯ ಪಾಲಿಹೌಸ್‌ಗಳ ಕೆಲಸ, ಎಲ್ಲ ಕಡೆಯೂ ಉತ್ತರದಿಂದ, ಈಶಾನ್ಯದಿಂದ, ನೇಪಾಳದಿಂದ ಬಂದ ಹುಡುಗರಿದ್ದಾರೆ. ನೇಪಾಳದವರು ದಶೈಂ ಹಬ್ಬಕ್ಕೆ, ಅಂದರೆ ನಮ್ಮ ದಸರೆಯ ಹೊತ್ತಿಗೆ, ಊರಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ರೈಲು ಹತ್ತಿದರೆ ಎರಡು ದಿನದ ಮೇಲೆ ನ್ಯೂ ಜಲಪಾಯಿಗುರಿ. ಅಲ್ಲಿಂದ ಪಾನಿಟಂಕಿ, ಮೇಚಿ ನದಿಯ ಸೇತುವೆ, ಆಚೆ ದಡದಲ್ಲಿ ಕಾಕರಭಿಟ್ಟಾ. ಅಲ್ಲಿಂದ ಬಸ್ಸು ಝಾಪಾದ ಬಯಲು ಬಿಟ್ಟು ಬೆಟ್ಟ ಹತ್ತುತ್ತಾ ಕನ್ಯಾಮ್, ಫಿಕ್ಕಲ್ ದಾಟಿ ಇಲಾಮ್ ಸೇರುತ್ತದೆ. ತಿಹಾರ್ ಅಂದರೆ ದೀಪಾವಳಿ ಮುಗಿಸಿ ಹೊರಡುವ ಹೊತ್ತಿಗೆ ಅಲ್ಲಿ ಶರತ್ಕಾಲದ ಕೊಯ್ಲು ನಡೆದಿರುತ್ತದೆ. ಹಾಗಾಗಿ ವಾಪಸ್ ಬರುವವರ ಚೀಲದಲ್ಲಿ ಹೊಸ ಟೀಯ ಪೊಟ್ಟಣ ಇರುವುದು ಸಹಜ. ಹೆದ್ದಾರಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸದ ಇಲಾಮಿನ ಹುಡುಗನೊಬ್ಬ ಅಂಥದೊಂದು ಪೊಟ್ಟಣ ನನ್ನ ಕೈಗಿಟ್ಟು ಹೇಳಿದ್ದು ಇಷ್ಟು: "ಅಣ್ಣಾ, ಇದಕ್ಕೆ ಹಾಲು ಹಾಕಬೇಡಿ. ಹಾಲಿನ ಟೀಗೆ ನಮ್ಮ ಕಡೆಯೂ ಬೇರೆ ಪುಡಿ ಇದೆ. ಇದು ಎಲೆ. ಬಿಸಿನೀರು ಸುರಿದು ಮುಚ್ಚಿಡಿ, ಸಾಕು."

ಆ ಮಾತಿನಲ್ಲಿ ನೇಪಾಳದ ಟೀ ಭೂಗೋಳವೇ ಅಡಗಿದೆ. ತೆರಾಯಿಯ ಝಾಪಾ ಜಿಲ್ಲೆಯ ಬಯಲು ತೋಟಗಳಲ್ಲಿ ಬೆಳೆಯುವುದು ಅಸ್ಸಾಂ ಜಾತಿಯ ದೊಡ್ಡ ಎಲೆ. ಅದು ಸಿಟಿಸಿ ಯಂತ್ರಕ್ಕೆ ಹೋಗಿ ಕಾಳುಕಾಳಾದ ಪುಡಿಯಾಗುತ್ತದೆ. ನೇಪಾಳದ ಒಟ್ಟು ಉತ್ಪನ್ನದಲ್ಲಿ ಹೆಚ್ಚಿನ ಪಾಲು ಈ ಪುಡಿಯದೇ. ಇಲಾಮ್, ಪಾಂಚಥರ್, ಧನಕುಟಾ, ತೆರ್ಹಥುಮ್ ಬೆಟ್ಟಗಳ ಮೇಲೆ ಬೆಳೆಯುವುದು ಚೀನಾ ಜಾತಿಯ ಸಣ್ಣ ಎಲೆ ಮತ್ತು ಅದರಿಂದ ಆರಿಸಿ ಬೆಳೆಸಿದ ತಳಿಗಳು. ಸಾವಿರ ಮೀಟರಿನಿಂದ ಎರಡು ಸಾವಿರ ಮೀಟರಿನ ಆಸುಪಾಸಿನವರೆಗೆ ಹಬ್ಬಿರುವ ಈ ತೋಟಗಳಲ್ಲಿ ಚಳಿಗೆ ಗಿಡ ನಿಧಾನವಾಗಿ ಚಿಗುರುತ್ತದೆ. ನಿಧಾನವಾಗಿ ಬಂದ ಚಿಗುರಿನಲ್ಲಿ ಪರಿಮಳ ಹೆಚ್ಚು. ಈ ಎಲೆಯಿಂದಲೇ ಹಳೆಯ ಪದ್ಧತಿಯ, ಆರ್ಥೊಡಾಕ್ಸ್ ಎಂದು ಕರೆಯುವ ಟೀ ತಯಾರಾಗುವುದು.

ಇಲಾಮಿನಲ್ಲಿ ಮೊದಲ ತೋಟ ಎದ್ದದ್ದು 1863ರಲ್ಲಿ. ಜಂಗ್ ಬಹದ್ದೂರ್ ರಾಣಾನ ಕಾಲ ಅದು. ಇಲಾಮಿನ ಬಡಾ ಹಾಕಿಮ್, ಅಂದರೆ ಆಡಳಿತಾಧಿಕಾರಿಯಾಗಿದ್ದ ಗಜರಾಜ್ ಸಿಂಗ್ ಥಾಪಾ ಈ ತೋಟ ಮಾಡಿಸಿದ. ಚೀನಾದ ಚಕ್ರವರ್ತಿ ಉಡುಗೊರೆಯಾಗಿ ಕಳಿಸಿದ ಬೀಜ ಅದು ಎಂದು ಅಲ್ಲಿನವರು ಹೇಳುತ್ತಾರೆ. ಗಡಿಯಾಚೆಯ ಡಾರ್ಜಿಲಿಂಗ್‌ನಲ್ಲಿ ವ್ಯಾಪಾರಕ್ಕೆಂದು ತೋಟಗಳು ಎದ್ದು ಹೆಚ್ಚೆಂದರೆ ಹತ್ತು ವರ್ಷವಾಗಿತ್ತಷ್ಟೆ. ಒಂದೇ ಬೆಟ್ಟಸಾಲು, ಒಂದೇ ಮಂಜು, ಹೆಚ್ಚುಕಡಿಮೆ ಒಂದೇ ವಯಸ್ಸು. ಮುಂದೆ ಮಾತ್ರ ದಾರಿ ಬೇರೆಯಾಯಿತು. ಡಾರ್ಜಿಲಿಂಗ್‌ಗೆ ಬ್ರಿಟಿಷ್ ಬಂಡವಾಳ, ರೈಲು, ಕಲ್ಕತ್ತೆಯ ಹರಾಜು, ಲಂಡನ್ನಿನ ಮಾರುಕಟ್ಟೆ ಸಿಕ್ಕಿದವು. ಇಲಾಮ್ ನೂರು ವರ್ಷ ಸುಮ್ಮನೆ ಕುಳಿತಿತು. ರಾಣಾ ಆಳ್ವಿಕೆ 1951ರಲ್ಲಿ ಮುಗಿದು, ಸರ್ಕಾರಿ ಟೀ ನಿಗಮ ಸ್ಥಾಪನೆಯಾದದ್ದು 1966ರಲ್ಲಿ. ಇಲಾಮಿಗೆ ಒಂದು ಕಾರ್ಖಾನೆ ಬಂದದ್ದು 1978ರಲ್ಲಿ. ಅದಕ್ಕೂ ಮೊದಲು ಅಲ್ಲಿನ ಸಣ್ಣ ರೈತರು ಬೆಳೆದ ಹಸಿ ಎಲೆ ಗಡಿ ದಾಟಿ ಡಾರ್ಜಿಲಿಂಗ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಡಾರ್ಜಿಲಿಂಗ್‌ನ ಗಿಡಗಳು ಮುದಿಯಾಗಿ ಇಳುವರಿ ಇಳಿದಾಗ ಆ ಕೊರತೆ ತುಂಬಿದ್ದು ಇಲಾಮಿನ ಚಿಗುರು. 1982ರಲ್ಲಿ ದೊರೆ ಬೀರೇಂದ್ರ ಪೂರ್ವದ ಐದು ಜಿಲ್ಲೆಗಳನ್ನು ಟೀ ವಲಯ ಎಂದು ಘೋಷಿಸಿದರು. ಟೀ ಮತ್ತು ಕಾಫಿ ಮಂಡಳಿ 1993ರಲ್ಲಿ ಬಂತು. ಆಮೇಲೆ ಖಾಸಗಿ ಕಾರ್ಖಾನೆಗಳು, ಸಹಕಾರ ಸಂಘಗಳು ಎದ್ದವು. ಪಾಂಚಥರದ ಕಾಂಚನಜಂಘಾ, ಧನಕುಟಾದ ಗುರಾಂಸೆ, ಹಿಲೆ ಪಟ್ಟಣದ ಹತ್ತಿರದ ಜುನ್ ಚಿಯಾಬಾರಿ ತೋಟಗಳ ಹೆಸರು ಇಂದು ಜರ್ಮನಿ, ಜಪಾನಿನ ಟೀ ಅಂಗಡಿಗಳಲ್ಲೂ ಕೇಳಿಬರುತ್ತದೆ.

ಇನ್ನೊಂದು ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಡಾರ್ಜಿಲಿಂಗ್ ಎಂದರೆ ದೊಡ್ಡ ಎಸ್ಟೇಟುಗಳು, ಅವುಗಳ ಲೈನ್ ಮನೆಗಳು, ದಿನಗೂಲಿ. ಇಲಾಮಿನ ಬೆಟ್ಟದಲ್ಲಿ ಟೀಯ ದೊಡ್ಡ ಪಾಲು ಸಣ್ಣ ಹಿಡುವಳಿದಾರರದು. ಮನೆಯ ಹಿಂದೆ ಏಲಕ್ಕಿ, ಶುಂಠಿ, ಪೊರಕೆ ಹುಲ್ಲು, ಆಲೂಗಡ್ಡೆ, ದುಂಡಗಿನ ಅಕಬರೆ ಮೆಣಸಿನಕಾಯಿ, ಕೊಟ್ಟಿಗೆಯಲ್ಲಿ ಹಸು, ಇಳಿಜಾರಿನಲ್ಲಿ ಟೀ. ಬೆಳಿಗ್ಗೆ ಕಿತ್ತ ಎಲೆಯನ್ನು ಹತ್ತಿರದ ಕಾರ್ಖಾನೆಗೆ ಮಾರುವುದು. ಸೂಳಗಿರಿಯ ರೈತ ಒಂದು ಮಡಿ ಟೊಮ್ಯಾಟೊ, ಒಂದು ಮಡಿ ಪುದೀನ, ಒಂದು ಮಡಿ ಕೊತ್ತಂಬರಿ ಎಂದು ಹಂಚಿ ಬೆಳೆಯುವ ಕ್ರಮವೇ ಇದು.

ಸೂಳಗಿರಿಯ ಕೊತ್ತಂಬರಿ ಸಂತೆ ಸುತ್ತಲಿನ ಎಲ್ಲರಿಗೂ ಗೊತ್ತು. ಇಲ್ಲಿ ಕಟ್ಟಿದ ಕಂತೆ ಬೆಂಗಳೂರಿಗೆ, ಚೆನ್ನೈಗೆ, ಇನ್ನೂ ದೂರದ ಊರುಗಳಿಗೆ ಹೋಗುತ್ತದೆ. ಅಲ್ಲಿ ಕೊಳ್ಳುವವರಿಗೆ ಅದು ಬರೀ ಕೊತ್ತಂಬರಿ. ಬೆಲೆ ಕುಸಿದಾಗ ಮಾತ್ರ ಸೂಳಗಿರಿಯ ಹೆಸರು ಸುದ್ದಿಗೆ ಬರುತ್ತದೆ. ಇಲಾಮಿನ ಎಲೆಗೆ ಆದದ್ದು ಇದಕ್ಕಿಂತ ಕಹಿಯಾದದ್ದು, ಯಾಕೆಂದರೆ ಅದಕ್ಕೆ ಬೇರೆಯದೇ ಹೆಸರು ಅಂಟಿಸಲಾಯಿತು. ಡಾರ್ಜಿಲಿಂಗ್ ಟೀಗೆ 2004ರಲ್ಲಿ ಭಾರತದ ಮೊತ್ತಮೊದಲ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗೊತ್ತುಪಡಿಸಿದ 87 ತೋಟಗಳ ಎಲೆಗೆ ಮಾತ್ರ ಆ ಹೆಸರಿನ ಹಕ್ಕು. ನೇಪಾಳದಿಂದ ಬಂದ ಟೀಯನ್ನು ಅದರ ಜೊತೆ ಬೆರೆಸಿ, ಅಥವಾ ಹಾಗೇ, ಡಾರ್ಜಿಲಿಂಗ್ ಎಂದು ಮಾರುವವರು ಭಾರತದ ಪೇಟೆಗಳಲ್ಲಿ ಇದ್ದಾರೆ. 2017ರಲ್ಲಿ ಗೂರ್ಖಾಲ್ಯಾಂಡ್ ಚಳವಳಿಯ ಬಂದ್ 104 ದಿನ ನಡೆದು ಡಾರ್ಜಿಲಿಂಗ್ ತೋಟಗಳು ಮುಚ್ಚಿದಾಗ, ಖಾಲಿಯಾದ ಜಾಗವನ್ನು ನೇಪಾಳದ ಟೀ ತುಂಬಿತು. ಡಾರ್ಜಿಲಿಂಗ್‌ನ ತೋಟಗಳವರು ಅಂದಿನಿಂದ ದೂರುತ್ತಲೇ ಇದ್ದಾರೆ. 2022ರಲ್ಲಿ ಸಂಸತ್ತಿನ ವಾಣಿಜ್ಯ ಸ್ಥಾಯಿ ಸಮಿತಿಯ ವರದಿಯಲ್ಲೂ ಈ ವಿಷಯ ಬಂತು.

ಡಾರ್ಜಿಲಿಂಗ್‌ನವರ ದೂರು ನ್ಯಾಯವಾದದ್ದು. ಅವರ ಹೆಸರನ್ನು ಇನ್ನೊಬ್ಬರು ಬಳಸಬಾರದು. ಅದರ ಜೊತೆಗೇ ಹೇಳಬೇಕಾದ ಮಾತು, ಹೆಸರು ಬದಲಿಸಿದವನು ವ್ಯಾಪಾರಿ. ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ಎಲೆ ಕಿತ್ತ ಇಲಾಮಿನ ಹೆಂಗಸಲ್ಲ. ಗಡಿಯ ಎರಡೂ ಬದಿ ಎಲೆ ಕೀಳುವವರು ಆಡುವುದು ಒಂದೇ ನೇಪಾಳಿ ಭಾಷೆ. ಮೋಸದಲ್ಲಿ ಇಬ್ಬರೂ ಸೋಲುತ್ತಾರೆ: ಡಾರ್ಜಿಲಿಂಗ್‌ನವರಿಗೆ ಬೆಲೆ ಬೀಳುತ್ತದೆ, ಇಲಾಮಿನವರಿಗೆ ಹೆಸರೇ ಇಲ್ಲದಂತಾಗುತ್ತದೆ. ನೇಪಾಳ ಈಗ ತನ್ನದೇ ಮುದ್ರೆ ಮಾಡಿಕೊಂಡು ತನ್ನ ಹೆಸರಿನಲ್ಲೇ ಟೀ ಮಾರಲು ಹೊರಟಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡಿಕೊಂಡು ಗಡಿಯ ಅಂಚಿನಲ್ಲಿ ಬದುಕುವ ನಮ್ಮಂಥವರಿಗೆ ಈ ಹಂಬಲವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಎಲೆಯ ವಿಷಯ. ಎರಡು ಎಲೆ, ಒಂದು ಕುಡಿ ಕಿತ್ತು ತಂದ ಮೇಲೆ ಅದನ್ನು ಗಾಳಿಯಾಡುವ ಉದ್ದನೆಯ ತೊಟ್ಟಿಗಳ ಮೇಲೆ ಹರಡಿ ಬಾಡಿಸುತ್ತಾರೆ. ನೀರಿನಂಶ ಇಳಿದು ಎಲೆ ಮುರಿಯದೆ ಬಾಗುವಂತಾದಾಗ ಉರುಳು ಯಂತ್ರಕ್ಕೆ ಹಾಕಿ ಹೊಸೆಯುತ್ತಾರೆ. ಹೊಸೆದಾಗ ಎಲೆಯ ಜೀವಕೋಶಗಳು ಒಡೆದು ರಸ ಹೊರಬಂದು ಗಾಳಿ ತಾಗುತ್ತದೆ. ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ. ಎಷ್ಟು ಹೊತ್ತು ಹೀಗೆ ಮಾಗಲು ಬಿಡಬೇಕು ಎಂಬುದೇ ಟೀ ಮಾಡುವವನ ಕಸುಬು. ಅವನು ಮೂಗಿನಿಂದಲೇ ತೀರ್ಮಾನಿಸಿ, ಬಿಸಿಗಾಳಿಯಲ್ಲಿ ಒಣಗಿಸಿ, ಮಾಗುವುದನ್ನು ನಿಲ್ಲಿಸುತ್ತಾನೆ. ಸಿಟಿಸಿ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ್ದು. ಅದು ಎಲೆಯನ್ನು ಹಲ್ಲುಗಳ ನಡುವೆ ಅರೆದು, ಹರಿದು, ಉಂಡೆಗಟ್ಟಿಸುತ್ತದೆ. ಅಲ್ಲಿ ಮಾಗುವುದು ಬೇಗ, ಪೂರ್ತಿ. ಬಣ್ಣ ಮತ್ತು ಗಡಸು ರುಚಿ ಹೆಚ್ಚು, ತೆಳುವಾದ ಪರಿಮಳ ಕಡಿಮೆ. ಹಾಲು ಸೇರಿದಾಗಲೂ ಎದ್ದು ನಿಲ್ಲಬಲ್ಲದ್ದು ಈ ಪುಡಿಯೇ. ಹಾಲಿನ ಪ್ರೋಟೀನು ಟೀಯ ಒಗರಿನಂಶವನ್ನು ಹಿಡಿದುಕೊಳ್ಳುತ್ತದೆ. ಗಟ್ಟಿ ಡಿಕಾಕ್ಷನ್ನಿಗೆ ಅದರಿಂದ ಹಿತವಾಗುತ್ತದೆ. ಇಲಾಮಿನ ಎಲೆಗೆ ಹಾಕಿದರೆ ಉಳಿಯುವುದು ಹಾಲಿನ ರುಚಿ ಮಾತ್ರ.

ಸೂಳಗಿರಿಯಲ್ಲಿ ಈ ಟೀ ಕುಡಿಯಬೇಕಾದರೆ ಮೊದಲು ಗಮನ ಕೊಡಬೇಕಾದದ್ದು ನೀರಿಗೆ. ನಮ್ಮದು ಕಗ್ಗಲ್ಲಿನ ನೆಲ. ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರ ಮನೆಯಲ್ಲೂ ನೋಡಬಹುದು. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆಯ ಕಾಯಿಲೆಗಳು ಬಂದವು. ಆ ಕಾರಣಕ್ಕೇ ಹೊಗೇನಕಲ್‌ನಿಂದ ಕಾವೇರಿ ನೀರು ತರುವ ದೊಡ್ಡ ಯೋಜನೆ ಎದ್ದು, 2013ರಲ್ಲಿ ಉದ್ಘಾಟನೆಯಾಯಿತು. ಆರೋಗ್ಯದ ಮಾತು ಹಾಗಿರಲಿ, ಟೀಯ ಮಟ್ಟಿಗೂ ಗಡಸು ನೀರು ತೊಂದರೆಯೇ. ಅದರ ಸುಣ್ಣದಂಶ ಟೀಯ ಸತ್ವದ ಜೊತೆ ಕೂಡಿ ಮೇಲೆ ತೆಳು ಕೆನೆಯಂಥ ಪದರ ಕಟ್ಟುತ್ತದೆ. ಬಣ್ಣ ಕಪ್ಪಾಗಿ ಮಂಕಾಗುತ್ತದೆ, ಹೂವಿನ ವಾಸನೆ ಏಳುವುದೇ ಇಲ್ಲ. ಡಸ್ಟ್ ಟೀಯಲ್ಲಿ ಹಾಲು ಇದನ್ನೆಲ್ಲ ಮುಚ್ಚಿಬಿಡುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಒಂದೇ ಎಲೆಯನ್ನು ಮೂರು ನೀರಿನಲ್ಲಿ ಪಕ್ಕಪಕ್ಕದಲ್ಲಿ ಮಾಡಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೋರ್‌ವೆಲ್ ನೀರಿನ ಲೋಟ ಮಬ್ಬು. ಆರ್‌ಒ ಯಂತ್ರದ ನೀರಿನದು ತಿಳಿಯಾಗಿರುತ್ತದೆ, ಆದರೆ ಖನಿಜವೆಲ್ಲ ಹೋದ ನೀರಿನಲ್ಲಿ ರುಚಿಗೆ ಮೈಯಿರುವುದಿಲ್ಲ. ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಬಣ್ಣವೂ ಇದೆ, ಘಮವೂ ಇದೆ. ನನ್ನ ತೀರ್ಪು ಅದರ ಪರ. ಅದು ಬಾರದ ದಿನ ಆರ್‌ಒ ನೀರಿಗೆ ಸ್ವಲ್ಪ ಸಾದಾ ಕುಡಿಯುವ ನೀರು ಬೆರೆಸಿದರೂ ನಡೆಯುತ್ತದೆ. ಶುದ್ಧವಾಗಿ ಹಿಡಿದ ಮಳೆನೀರು ಇದ್ದವರು ಅದೃಷ್ಟವಂತರು. ಗಡಸು ನೀರೇ ಗತಿ ಎಂದಾದರೆ ಹಿಂದಿನ ರಾತ್ರಿ ಕುದಿಸಿ ಆರಲು ಬಿಟ್ಟು, ಬೆಳಿಗ್ಗೆ ತಳದ ಗಸಿ ಅಲುಗದಂತೆ ಮೇಲಿನದನ್ನು ಬಗ್ಗಿಸಿಕೊಳ್ಳಿ. ಕುದಿದಾಗ ಸುಣ್ಣದಂಶ ಸ್ವಲ್ಪಮಟ್ಟಿಗಾದರೂ ತಳಕ್ಕೆ ಇಳಿದಿರುತ್ತದೆ.

ಎತ್ತರವೂ ನಮಗೆ ಸಹಾಯಕ್ಕಿದೆ. ಹೊಸೂರಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕೃಷ್ಣಗಿರಿಯತ್ತ ಹೋದಂತೆ ನೆಲ ಇಳಿಯುತ್ತದೆ, ಸೂಳಗಿರಿ ಆ ನಡುವಿನದು. ಇಲ್ಲಿ ನೀರು ನೂರು ಡಿಗ್ರಿಗಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಇಲಾಮಿನ ಎತ್ತರದ ಮನೆಗಳಲ್ಲಿ ಇನ್ನೂ ಮೊದಲು, 95 ಡಿಗ್ರಿಯ ಹತ್ತಿರ. ಕಡಲ ತೀರದವರಿಗಿಂತ ನಮ್ಮ ಕುದಿನೀರು ಈ ಎಲೆಗೆ ಸ್ವಲ್ಪ ಹೆಚ್ಚು ಮೆದು.

ಪಾತ್ರೆ ಯಾವುದಾದರೂ ಸರಿ, ಮುಚ್ಚಳವಿರಲಿ. ಸ್ಟೀಲಿನ ಸಣ್ಣ ಚೊಂಬು ಸಾಕು. ಮೊದಲು ಬಿಸಿನೀರು ಹಾಕಿ ತೊಳಸಿ ಚೆಲ್ಲಿ, ಪಾತ್ರೆ ಬೆಚ್ಚಗಾಗಲಿ. ಆ ಬೆಚ್ಚನೆಯ ಪಾತ್ರೆಗೆ ಒಣ ಎಲೆ ಹಾಕಿ ಮುಚ್ಚಿ, ಅರೆನಿಮಿಷ ಬಿಟ್ಟು ತೆರೆದು ಮೂಸಿ. ಟೀಯ ಮೊದಲ ಪರಿಚಯ ಅಲ್ಲೇ ಆಗುವುದು. ಒಂದು ಲೋಟಕ್ಕೆ, ಅಂದರೆ 150ರಿಂದ 200 ಮಿಲಿಲೀಟರಿಗೆ, ಎರಡು ಎರಡೂವರೆ ಗ್ರಾಂ ಎಲೆ. ಎಲೆ ಉದ್ದವಾಗಿ ಹಗುರವಾಗಿರುವುದರಿಂದ ಇದು ತುಂಬಿದ ಒಂದು ದೊಡ್ಡ ಚಮಚಕ್ಕೂ ಮಿಗಿಲಾಗಬಹುದು. ಪುಡಿಯ ಅಳತೆ ಇಲ್ಲಿ ಹೊಂದುವುದಿಲ್ಲ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಒಂದು ಕ್ಷಣ ತಡೆದು ಸುರಿಯಿರಿ. ಶರತ್ಕಾಲದ ಟೀಗೆ ಮೂರರಿಂದ ನಾಲ್ಕು ನಿಮಿಷ; ವಸಂತದ ಎಳೆ ಎಲೆಯಾದರೆ ನೀರನ್ನು ಇನ್ನೂ ಸ್ವಲ್ಪ ಆರಿಸಿ, ಎರಡರಿಂದ ಮೂರು ನಿಮಿಷ. ಆಮೇಲೆ ಪೂರ್ತಿ ಸೋಸಿಬಿಡಬೇಕು. ಎಲೆ ನೀರಿನಲ್ಲೇ ಉಳಿದರೆ ಒಗರು ಏರುತ್ತಾ ಹೋಗುತ್ತದೆ. ಅದೇ ಎಲೆಗೆ ಎರಡನೆಯ ಸಲ ಬಿಸಿನೀರು ಸುರಿಯಬಹುದು. ಕೆಲವು ಎಲೆಗಳಲ್ಲಿ ಎರಡನೆಯ ಲೋಟವೇ ಹೆಚ್ಚು ಸೊಗಸು.

ಕೂನೂರಿನಂಥ ಹರಾಜು ಕೇಂದ್ರಗಳಲ್ಲಿ ಟೀ ಪರೀಕ್ಷಿಸುವವರ ಕ್ರಮ ಬೇರೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 3103 ಎಂಬುದೊಂದಿದೆ, 1980ರಲ್ಲಿ ಬಂದದ್ದು. ಅದರ ಪ್ರಕಾರ ನೂರು ಮಿಲಿಲೀಟರ್ ಕುದಿನೀರಿಗೆ ಎರಡು ಗ್ರಾಂ ಎಲೆ, ಆರು ನಿಮಿಷ. ಅಷ್ಟು ಕಟುವಾದದ್ದನ್ನು ಚಮಚದಲ್ಲಿ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗಿಯುತ್ತಾರೆ. ಅದು ದೋಷ ಹುಡುಕುವ ವಿಧಾನ, ಸವಿಯುವ ವಿಧಾನವಲ್ಲ. ಆದರೆ ಅವರಿಂದ ನಾವು ಕಲಿಯಬೇಕಾದದ್ದು ಆ ಸೊರ್ರೆನ್ನುವುದನ್ನು. ಟೀಯ ಜೊತೆ ಗಾಳಿಯೂ ಬಾಯಿಗೆ ಹೋದಾಗ ಪರಿಮಳ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿ, ಉಳಿದದ್ದೆಲ್ಲ ಮೂಗಿನದು. ನಮ್ಮ ಹಿರಿಯರು ಬಸಿಯಲ್ಲಿ ಹುಯ್ದು ಸೊರ್ರೆಂದು ಕುಡಿಯುತ್ತಿದ್ದದ್ದು ಈ ಟೀಗೆ ಸರಿಯಾದ ಕ್ರಮವೇ.

ಒಳ್ಳೆಯ ಶರತ್ಕಾಲದ ಇಲಾಮ್ ಟೀಯ ಬಣ್ಣ ತಿಳಿ ತಾಮ್ರ. ಬಿಳಿ ಪಿಂಗಾಣಿಯಲ್ಲಿ ಹಾಕಿ ನೋಡಿದರೆ ಅಂಚಿನಲ್ಲಿ ಹೊಂಬಣ್ಣದ ಬಳೆ ಕಾಣುತ್ತದೆ. ಮೊದಲ ಗುಟುಕಿನಲ್ಲಿ ಜೇನಿನ ಛಾಯೆ, ಆಮೇಲೆ ಮಾಗಿದ ಹಣ್ಣು, ಕೊನೆಗೆ ನಾಲಿಗೆಯ ಬದಿಗಳಲ್ಲಿ ನಯವಾದ ಒಗರು. ಬಿಸಿ ಆರಿದಂತೆ ರುಚಿ ಬದಲಾಗುತ್ತದೆ. ಸುಡುವಾಗ ಕಾಣದ ಹೂವಿನ ವಾಸನೆ ಉಗುರುಬೆಚ್ಚಗಾದಾಗ ಬರುತ್ತದೆ, ಹಾಗಾಗಿ ಈ ಟೀಯನ್ನು ಅವಸರದಲ್ಲಿ ಕುಡಿಯಬಾರದು. ಮಾರ್ಚ್ ಕೊನೆ, ಏಪ್ರಿಲ್‌ನ ಮೊದಲ ಕೊಯ್ಲಿನ ಟೀ ಬೇರೆಯೇ: ಬಣ್ಣ ತೆಳು ಹೊನ್ನು, ರುಚಿ ಚುರುಕು, ಎಲೆಯಲ್ಲಿ ಹಸಿರು ಉಳಿದಿರುತ್ತದೆ. ಮೇ, ಜೂನ್‌ನ ಎರಡನೆಯ ಕೊಯ್ಲು ಗಾಢ, ಕಪ್ಪು ದ್ರಾಕ್ಷಿಯ ಸುವಾಸನೆಯದು. ಮಳೆಗಾಲದ್ದು ಇಳುವರಿ ಹೆಚ್ಚು, ಸುವಾಸನೆ ಕಡಿಮೆ, ಬೆಲೆಯೂ ಕಡಿಮೆ. ಅದನ್ನು ಬಿಡಿ ಎಲೆಯಾಗಿ ಕೊಳ್ಳಬೇಕಾದ ಅಗತ್ಯ ನನಗೆ ಕಂಡಿಲ್ಲ. ಮೊದಲ ಸಲ ಕುಡಿಯುವವರಿಗೆ ನನ್ನ ಸಲಹೆ ಶರತ್ಕಾಲದ್ದೇ. ಹಾಲಿನ ಟೀಗೆ ಒಗ್ಗಿದ ನಾಲಿಗೆಗೆ ಅದು ಬೇಗ ಹೊಂದುತ್ತದೆ.

ಎರಡನೆಯ ಕೊಯ್ಲಿನ ಆ ದ್ರಾಕ್ಷಿ ಗಂಧಕ್ಕೆ ಒಂದು ಹುಳದ ನೆರವಿದೆ. ಜಿಗಿಹುಳು ಎಳೆ ಎಲೆಯ ರಸ ಹೀರಿದಾಗ, ಗಿಡ ತನ್ನ ರಕ್ಷಣೆಗೆಂದು ಕೆಲವು ಸುಗಂಧದ ವಸ್ತುಗಳನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಕೀಟನಾಶಕ ಹೊಡೆದು ಹುಳವನ್ನೇ ಇಲ್ಲವಾಗಿಸಿದ ತೋಟದಲ್ಲಿ ಆ ಗಂಧವೂ ಸಿಗುವುದಿಲ್ಲ. ಎಲೆಯಲ್ಲಿ ಈ ವಸ್ತುಗಳು ಬಹುಮಟ್ಟಿಗೆ ಸಕ್ಕರೆಯ ಅಣುವಿಗೆ ಅಂಟಿಕೊಂಡು ವಾಸನೆಯಿಲ್ಲದೆ ಕುಳಿತಿರುತ್ತವೆ. ಬಾಡಿಸಿ ಹೊಸೆದಾಗ ಬಿಡುಗಡೆಯಾಗುತ್ತವೆ. ಅವುಗಳಲ್ಲಿ ಎರಡು ಮುಖ್ಯ: ಜೆರಾನಿಯೋಲ್ ಮತ್ತು ಲಿನಲೂಲ್. ಪನ್ನೀರು ಗುಲಾಬಿಯ ಪರಿಮಳದ ಮುಖ್ಯ ವಸ್ತುಗಳಲ್ಲಿ ಜೆರಾನಿಯೋಲ್ ಒಂದು. ಲಿನಲೂಲ್ ಎಂದರೆ ನಮ್ಮ ಕೊತ್ತಂಬರಿ ಬೀಜದ ಘಮ. ಆ ಬೀಜದ ಸುಗಂಧ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇರುತ್ತದೆ. ಗುಲಾಬಿಯ ಹೊಸೂರು, ಕೊತ್ತಂಬರಿಯ ಸೂಳಗಿರಿ! ಹಿಮಾಲಯದ ಟೀಯಲ್ಲಿ ಹೂವಿನ ವಾಸನೆ ಇದೆ ಎಂದರೆ ನಂಬದವರು, ಸಾರಿನ ಪುಡಿಗೆಂದು ಹುರಿಯುವ ಮುಂಚಿನ ಒಂದು ಹಿಡಿ ಹಸಿ ಧನಿಯಾವನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ಆಮೇಲೆ ಟೀ ಲೋಟಕ್ಕೆ ಮೂಗಿಡಲಿ. ಒಂದು ಎಳೆ ಎರಡರಲ್ಲೂ ಸಿಗುತ್ತದೆ. ಈ ಸೀಮೆಯ ಮೂಗಿಗೆ ಇಲಾಮ್ ಅಪರಿಚಿತವಲ್ಲ.

ಅದೇ ಕಾರಣಕ್ಕೆ ಟೀಯನ್ನು ಮಸಾಲೆ ಡಬ್ಬಿಗಳ ಹತ್ತಿರ ಇಡಬಾರದು. ಒಣ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಇಂಗಿನ ಪಕ್ಕ ಒಂದು ವಾರ ಇಟ್ಟರೆ ಮುಗಿಯಿತು. ಗಾಳಿಯಾಡದ ಡಬ್ಬಿ, ಬೆಳಕು ಬೀಳದ ಗೂಡು, ಒಣ ಚಮಚ.

ಇಷ್ಟು ದೂರದ ಟೀಯನ್ನು ಹೊಗಳುವಾಗ ಹತ್ತಿರದ್ದನ್ನು ಮರೆತರೆ ತಪ್ಪಾಗುತ್ತದೆ. ತಮಿಳುನಾಡಿನ ರೇಷನ್ ಅಂಗಡಿಗಳಲ್ಲಿ ಊಟಿ ಟೀ ಎಂಬ ಪೊಟ್ಟಣ ಸಿಗುತ್ತದೆ. ಅದು ಇಂಡ್ಕೋಸರ್ವ್‌ನದು, ಅಂದರೆ ನೀಲಗಿರಿಯ ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಒಕ್ಕೂಟದ್ದು. ಆ ಬೆಳೆಗಾರರಲ್ಲಿ ಬಹಳಷ್ಟು ಮಂದಿ ಬಡಗರು, ಕನ್ನಡಕ್ಕೆ ತೀರ ಹತ್ತಿರದ ಮಾತಿನವರು. ಹಸಿ ಎಲೆಗೆ ನ್ಯಾಯವಾದ ಬೆಲೆ ಬೇಕೆಂದು 2023ರಲ್ಲಿ ಅವರು ಉಪವಾಸ ಕುಳಿತರು. ಇಲಾಮಿನ ರೈತನ ದೂರೂ ಅದೇ: ಎಲೆ ಕೊಟ್ಟವನಿಗೆ ಸಿಗುವುದು ಕಿಲೋ ಲೆಕ್ಕದ ಚಿಲ್ಲರೆ, ಹೆಸರು ಮಾರಿದವನಿಗೆ ಸಿಗುವುದು ಲಾಭ. ನೀಲಗಿರಿಯಲ್ಲೂ ಬಿಡಿ ಎಲೆಯ ಒಳ್ಳೆಯ ಟೀ ತಯಾರಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಹೊತ್ತಿನ ಎಲೆಯಿಂದ ಮಾಡಿದ್ದಕ್ಕೆ ತಿಳಿಯಾದ, ತಂಪಾದ ಒಂದು ಪರಿಮಳವಿರುತ್ತದೆ. ನೀಲಗಿರಿಯ ಎತ್ತರದ ತೋಟಗಳಲ್ಲಿ ಕೋರಕುಂದಾ ಹೆಸರಾದದ್ದು. ಕರ್ನಾಟಕದಲ್ಲಿ ಚಿಕ್ಕಮಗಳೂರು ಸೀಮೆಯ ಕೆಳಗೂರು ಟೀ ಇದೆ. ಇಲಾಮಿನದನ್ನೂ ನೀಲಗಿರಿಯದನ್ನೂ ಒಂದೇ ಅಳತೆಯಲ್ಲಿ, ಒಂದೇ ನೀರಿನಲ್ಲಿ, ಪಕ್ಕಪಕ್ಕ ಮಾಡಿ ಕುಡಿದರೆ ಎರಡರ ಗುಣವೂ ತಿಳಿಯುತ್ತದೆ. ನನಗೆ ಇಲಾಮಿನದರಲ್ಲಿ ಆಳ ಹೆಚ್ಚು ಕಂಡಿದೆ, ನೀಲಗಿರಿಯದರಲ್ಲಿ ಹೊಳಪು ಹೆಚ್ಚು. ದಿನವೂ ಕುಡಿಯಲು ಯಾವುದು ಎಂದು ಕೇಳಿದರೆ, ಬೆಳಿಗ್ಗೆ ನೀಲಗಿರಿ, ಸಂಜೆ ಇಲಾಮ್ ಎನ್ನುತ್ತೇನೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ಎಸ್‌ಎಫ್‌ಟಿಜಿಎಫ್‌ಒಪಿ ಎಂಬ ಉದ್ದನೆಯ ಅಕ್ಷರಮಾಲೆಗೆ ಮರುಳಾಗಬೇಡಿ. ಅದು ಎಲೆಯ ಗಾತ್ರವನ್ನೂ ಕುಡಿಯ ಪಾಲನ್ನೂ ಹೇಳುತ್ತದೆಯೇ ಹೊರತು ರುಚಿಗೆ ಹೊಣೆಯಾಗುವುದಿಲ್ಲ. ನೋಡಬೇಕಾದದ್ದು ನಾಲ್ಕು ಸಂಗತಿ: ತೋಟ ಅಥವಾ ಸಹಕಾರ ಸಂಘದ ಹೆಸರು, ಜಿಲ್ಲೆ, ಯಾವ ಕೊಯ್ಲು, ಯಾವ ವರ್ಷ. ವಸಂತದ ಟೀ ಒಂದು ವರ್ಷದೊಳಗೆ ಮುಗಿಸುವುದು ಒಳ್ಳೆಯದು; ಶರತ್ಕಾಲದ್ದು ಇನ್ನೂ ಸ್ವಲ್ಪ ಕಾಲ ತಡೆಯುತ್ತದೆ. ನೂರು ಗ್ರಾಂ ಪೊಟ್ಟಣದಲ್ಲಿ ನಲವತ್ತು ಲೋಟದಷ್ಟು ಟೀ ಆಗುತ್ತದೆ, ಎರಡನೆಯ ಸಲದ್ದನ್ನು ಸೇರಿಸಿದರೆ ಇನ್ನೂ ಹೆಚ್ಚು. ಆ ಲೆಕ್ಕದಲ್ಲಿ ಬೆಲೆ ಮೊದಲು ಕಂಡಷ್ಟು ಭಾರವಲ್ಲ.

ಡಾರ್ಜಿಲಿಂಗ್ ಎಂದು ತೀರ ಕಡಿಮೆ ಬೆಲೆಗೆ ಮಾರುವವರನ್ನು ಯಾವ ತೋಟದ್ದು ಎಂದು ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ನಿಮ್ಮ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಇಲಾಮ್, ಝಾಪಾ ಕಡೆಯ ಹುಡುಗರಿದ್ದರೆ, ಈ ದಸರೆಗೆ ಅವರು ಊರಿಗೆ ಹೊರಡುವ ಮುಂಚೆ ಕೈಗೆ ದುಡ್ಡು ಕೊಟ್ಟು ಒಂದು ಪೊಟ್ಟಣ ತರಲು ಹೇಳಿ. ತಂದಾಗ ಅದು ಯಾವ ಊರಿನದು ಎಂದು ಕೇಳಿ ತಿಳಿದುಕೊಂಡು, ಡಬ್ಬಿಯ ಮೇಲೆ ಆ ಊರಿನ ಹೆಸರನ್ನೇ ಬರೆದಿಡಿ.